ಮುನಿರಾಜು ಸಾರ್ ಅವರ ರೇಡಿಯೊ

ಮುನಿರಾಜು ಸಾರ್ ಹತ್ತಿರ ಒಂದು ರೇಡಿಯೊ ಇತ್ತು. ಅದರಲ್ಲಿ ಒಂದು ದಿನವೂ ಒಂದು ಹಾಡು ಬಂದದ್ದಿಲ್ಲ. ಅಂಗೈ ಅಗಲದ್ದು, ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡು. ಮುಳ್ಳನ್ನು ಎರಡು ಸ್ಟೇಷನ್ನುಗಳ ನಡುವೆ, ಯಾರ ದನಿಯೂ ಇಲ್ಲದ ಜಾಗದಲ್ಲಿ ನಿಲ್ಲಿಸಿ, ಅಲುಗಾಡದಿರಲಿ ಎಂದು ಹೆಂಡತಿ ಜಯಮ್ಮನವರ ನೈಲ್ ಪಾಲಿಶ್ ಹಚ್ಚಿ ಒಣಗಿಸಿಬಿಟ್ಟಿದ್ದರು. "ಇದನ್ನ ಹಚ್ಕೊಳ್ಳೋ ಅಂಥ ಉಗುರು ನಮ್ಮನೇಲಿ ಯಾರಿಗೂ ಇಲ್ಲ, ರೇಡಿಯೊಗಾದ್ರೂ ಆಗ್ಲಿ" ಎಂದು ಜಯಮ್ಮನವರ ಎದುರಿಗೇ ಹೇಳಿದರು. ಅವರ ಬಾಯಿ ಅಂಥದ್ದು.

ಅಂಗಡಿ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯ ಮಹಡಿ ಮೇಲೆ. ಕೆಳಗೆ ಕುರಿ ಮಾಂಸದ ಅಂಗಡಿ. ಫ್ಲೆಕ್ಸು, ಬಟ್ಟೆ ಮುದ್ರಿಸುವ ದೊಡ್ಡ ಮೆಷಿನ್ನುಗಳ ಪ್ರಿಂಟ್ ಹೆಡ್ಡುಗಳು ರಿಪೇರಿಗೆ ಇಲ್ಲಿಗೇ ಬರುತ್ತಿದ್ದವು. ಹೆಡ್ಡೆಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ತಳದಲ್ಲಿ ಕಣ್ಣಿಗೆ ಕಾಣದ ನೂರಾರು ತೂತು, ಪ್ರತಿ ತೂತಿನ ಹಿಂದೆ ಒಂದು ಹರಳಿನ ಚೂರು. ಕರೆಂಟು ಮುಟ್ಟಿದರೆ ಹರಳು ಅದುರುತ್ತೆ, ಒಂದು ಹನಿ ಇಂಕು ಹಾರುತ್ತೆ. ಗ್ರಹಚಾರ ಏನೆಂದರೆ, ಪಕ್ಕದ ವೈರಿನ ಕರೆಂಟು ಈ ವೈರಿಗೆ ಸ್ವಲ್ಪ ಸೋಂಕಿದರೂ ಹರಳು ಅದುರಿಬಿಡುತ್ತೆ. ಪಕ್ಕದ ಮನೆಯ ಜಗಳಕ್ಕೆ ನಮ್ಮ ಮನೆ ಕೂಸು ಎದ್ದು ಅತ್ತ ಹಾಗೆ. ಸುಮ್ಮನಿರಬೇಕಾದ ತೂತು ಉಗುಳುತ್ತೆ, ಬೆಳ್ಳಗಿರಬೇಕಾದ ಕಡೆ ಚುಕ್ಕಿ ಚುಕ್ಕಿ ಗೆರೆ. ಜನ ಹೆಡ್ಡೇ ಕೆಟ್ಟಿತು ಅಂದುಕೊಂಡು ಹೊಸದು ತರುತ್ತಿದ್ದರು. ಸಾರ್ ರೇಡಿಯೊ ತರುತ್ತಿದ್ದರು.

ಹೆಡ್ಡಿಗೆ ಏನೂ ಮುದ್ರಿಸಬೇಡ ಎಂದು ಹೇಳಿ, ಅದನ್ನು ಹೊತ್ತ ಗಾಡಿಯನ್ನು ಮಾತ್ರ ಅತ್ತಿಂದಿತ್ತ ಓಡಿಸುವುದು. ಹೆಡ್ಡಿನ ವೈರಿನ ಉದ್ದಕ್ಕೂ ರೇಡಿಯೊ ಹಿಡಿಯುತ್ತಾ ಹೋಗುವುದು. ಕರೆಂಟು ಸೋರುವ ಕಡೆ ರೇಡಿಯೊ ಗುರ್ ಅನ್ನುತ್ತೆ, ಅಲ್ಲಿ ಕಳ್ಳ ಸಿಕ್ಕಿಬಿದ್ದ. ಮಾಸ್ಕ್ ರೋಡಿನ ನಯೀಮ್ ಭಾಯ್ ಅವರ ಪ್ರೆಸ್ಸಿಗೆ ಮೊದಲ ಸಲ ಹೋದಾಗ, ಅವರು ಚೆಂದ ಕಾಣಲಿ ಎಂದು ಮೋಟಾರಿನ ವೈರನ್ನೂ ಹೆಡ್ಡಿನ ವೈರನ್ನೂ ಸೇರಿಸಿ ಸಾಲಾಗಿ ಕಟ್ಟಿಸಿದ್ದರು. ಸಾರ್ ಮೊದಲು ಚಹಾ ಕುಡಿದರು. ಆಮೇಲೆ ಕತ್ತರಿ ಹಿಡಿದು ಒಂದೊಂದೇ ಕಟ್ಟು ಕತ್ತರಿಸುತ್ತಾ, "ಹೊಡೆದಾಡೋ ದಾಯಾದಿಗಳನ್ನ ಒಂದೇ ಚಾಪೆ ಮೇಲೆ ಮಲಗ್ಸಿದ್ದೀರಲ್ರೀ ಭಾಯ್. ಬುದ್ಧಿ ಬಾಡಿಗೆಗೆ ಕೊಟ್ಟಿದ್ದೀರಾ?" ಅಂದರು. ಗೆರೆ ಮಾಯವಾಯಿತು. ನಯೀಮ್ ಭಾಯ್ ಬೈಸಿಕೊಂಡು ಕೈಮುಗಿದರು.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡು, ಮದುವೆಯೂ ಆಗಿ, ಅವರ ಹತ್ತಿರ ಕೆಲಸಕ್ಕೆ ಸೇರಿದವಳು. ಹೆಸರು ಪದ್ಮ. ಆ ಹೆಸರು ಅಲ್ಲಿ ಒಂದು ವಾರವೂ ಉಳಿಯಲಿಲ್ಲ. ಪಕ್ಕದ ಕರೆಂಟು ಸೋಂಕದಿರಲಿ ಎಂದು ವೈರಿನ ಮೇಲೆ ಸುತ್ತಿದ ತಾಮ್ರದ ಜಾಲರಿಗೆ ಒಂದು ತುದಿಯಲ್ಲಿ ಮಾತ್ರ ಅರ್ಥಿಂಗ್ ಕೊಡಬೇಕು ಅನ್ನೋದು ಅವರ ನಿಯಮ. ಎರಡು ತುದಿಗೂ ಕೊಟ್ಟರೆ ಜಾಲರಿಯಲ್ಲೇ ಕರೆಂಟು ಸುತ್ತು ಹೊಡೆದು, ಕಾಯಬೇಕಾದದ್ದೇ ಕಾಟ ಕೊಡುತ್ತೆ. ನಾನು ಗಟ್ಟಿಯಾಗಿರಲಿ ಅಂತ ಎರಡೂ ಕಡೆ ಬೆಸುಗೆ ಹಾಕಿದ್ದೆ. ಅವತ್ತಿನಿಂದ ನಾನು "ಎರಡು ಕಡೆ". "ಏಯ್ ಎರಡು ಕಡೆ, ಸ್ಕ್ರೂಡ್ರೈವರ್ ತಾ." ಬಂದ ಗಿರಾಕಿಗಳಿಗೆಲ್ಲ ಕಥೆ ಹೇಳಿ ನಗಿಸುವುದು. ಎಂಟು ವರ್ಷ! ಆದರೂ ಒಂದು ಮಾತು ಹೇಳಲೇಬೇಕು. ತಮಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನೂ ಅವರು ನನ್ನಿಂದ ಮುಚ್ಚಿಡಲಿಲ್ಲ. ನನ್ನನ್ನು ಅಳಿಸಿ ಅಳಿಸಿ ಕಲಿಸಿದರು. ನಾನು ಆ ಮನುಷ್ಯನನ್ನು ದ್ವೇಷಿಸುತ್ತಿದ್ದೆ, ಅವರು ಒಂದು ದಿನ ರಜಾ ಹಾಕಿದರೆ ಅಂಗಡಿಯಲ್ಲಿ ಹೊತ್ತು ಹೋಗುತ್ತಿರಲಿಲ್ಲ.

ಅವರಿಗೆ ಕಿವಿ ಮಂದವಾಗುತ್ತಿದೆ ಅಂತ ಮೊದಲು ಗೊತ್ತಾಗಿದ್ದು ನನಗೆ. ರೇಡಿಯೊವನ್ನು ಕಿವಿಗೆ ಒತ್ತಿಕೊಳ್ಳತೊಡಗಿದರು. ಗಿರಾಕಿಯ ಮಾತು ಕೇಳಿಸದಿದ್ದರೆ, "ಇನ್ನೊಂದ್ಸಲ ಹೇಳಿ, ನಿಮ್ಮ ದಡ್ಡತನ ಪೂರ್ತಿ ಕೇಳ್ಬೇಕು" ಅನ್ನುತ್ತಿದ್ದರು. ಜನ ಅದನ್ನು ಕೊಬ್ಬು ಅಂದುಕೊಂಡರು. ನಾನು ಬಾಯಿಬಿಡಲಿಲ್ಲ. ಅವರ ಕೈಗೆ ಕೆಲಸ ಬರುತ್ತಿದ್ದದ್ದೇ ಆ ಕಿವಿಯ ಹೆಸರಿನಿಂದ. ಅದು ಹೋಯಿತೆಂದರೆ ಮುನಿರಾಜು ಹೋದ ಹಾಗೇ.

ನಾನು ಗಂಡನನ್ನು ಬಿಟ್ಟು, ಅಪ್ಪನ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಬಂದು, ಅತ್ತಿಗೆಯ ಮುಖ ನೋಡಿಕೊಂಡು ಇದ್ದ ದಿನಗಳು. ಒಂದು ಬೆಳಿಗ್ಗೆ ಇಬ್ಬರು ಗಿರಾಕಿಗಳ ಮುಂದೆ ಸಾರ್ ಶುರು ಮಾಡಿದರು. "ಇವಳಿಗೆ ಎರಡು ಕಡೆ ಅಂತ ಸುಮ್ನೆ ಹೆಸರಿಟ್ಟಿಲ್ಲ ಕಣ್ರೀ. ಈಗ ನೋಡಿ, ಅತ್ತ ಗಂಡನ ಮನೇನೂ ಇಲ್ಲ, ಇತ್ತ ತವರೂ ಇಲ್ಲ." ಗಿರಾಕಿಗಳು ನಗಲಿಲ್ಲ. ಸಾರ್ ಒಬ್ಬರೇ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

ಅವತ್ತೇ ನಯೀಮ್ ಭಾಯ್ ಕರೆದಿದ್ದರು, ಮತ್ತೆ ಗೆರೆ ಬರುತ್ತಿದೆ ಎಂದು. ಆಟೋದಲ್ಲಿ ಸಾರ್ ರಸ್ತೆ ನೋಡುತ್ತಿದ್ದರು. ರೇಡಿಯೊ ನನ್ನ ಬ್ಯಾಗಿನಲ್ಲಿತ್ತು. ರಬ್ಬರ್ ಬ್ಯಾಂಡು ಸರಿಸಿ, ಎರಡು ಸೆಲ್ಲನ್ನೂ ತೆಗೆದು ಮುಷ್ಟಿಯಲ್ಲಿ ಇಟ್ಟುಕೊಂಡೆ.

ಪ್ರೆಸ್ಸಿನಲ್ಲಿ ಏಳೆಂಟು ಜನ. ಗಾಡಿ ಓಡಿತು. ಸಾರ್ ರೇಡಿಯೊವನ್ನು ವೈರಿನ ಉದ್ದಕ್ಕೂ ಹಿಡಿದರು, ಕಿವಿ ಒತ್ತಿದರು, ಹುಬ್ಬು ಗಂಟಿಕ್ಕಿದರು. ವೈರು ಬಾಗುವ ಒಂದು ಜಾಗದಲ್ಲಿ ಬೆರಳಿಟ್ಟು, "ಕೇಳಿಸ್ಕೊಳ್ಳಿ ಭಾಯ್, ಗುರ್ ಅಂತಿದೆ. ಇಲ್ಲೇ" ಅಂದರು. ನಾನು ಮುಷ್ಟಿ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಅವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ. "ಸಾರ್, ಅದರಲ್ಲಿ ಸೆಲ್ಲೇ ಇಲ್ಲ."

ಒಬ್ಬ ನಕ್ಕ. ಆಮೇಲೆ ಎಲ್ಲರೂ. ನಾನೂ ನಕ್ಕೆ, ಅದನ್ನೇಕೆ ಮುಚ್ಚಿಡಲಿ. ಸಾರ್ ರೇಡಿಯೊವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅವರು ಹೋದ ಮೇಲೆ ಸೆಲ್ ಹಾಕಿ ಹುಡುಕಿದೆ. ಅವರು ಬೆರಳಿಟ್ಟ ಜಾಗಕ್ಕೆ ಬಂದಾಗಲೇ ರೇಡಿಯೊ ಅರಚಿತು. ಅಲ್ಲಿ ಪಕ್ಕದಲ್ಲೇ ಹಾದುಹೋಗುವ ಮೋಟಾರಿನ ವೈರಿನ ಕವಚವನ್ನು ಸೀಳಿ ನೋಡಿದೆ, ಒಳಗೆ ಜಾಲರಿ ಹರಿದು ಚಿಂದಿ. ಅವರು ಕಣ್ಣಿನಿಂದಲೇ ಕಂಡಿದ್ದರು. ವೈರು ಬಾಗುವ ಕಡೆ ಕವಚದ ಮೇಲೆ ಉಜ್ಜಿ ಉಜ್ಜಿ ಹೊಳಪೆದ್ದಿದ್ದ ಒಂದಿಷ್ಟು ಜಾಗ, ಅಷ್ಟು ಸಾಕಾಗಿತ್ತು ಅವರಿಗೆ. ಹೊಸ ಜಾಲರಿ ಸುತ್ತಿದೆ, ಒಂದೇ ತುದಿಗೆ ಅರ್ಥಿಂಗ್ ಕೊಟ್ಟೆ, ಗೆರೆ ಹೋಯಿತು. "ಶಾಬಾಶ್ ಮೇಡಂ! ನೀವೇ ಹುಡುಕ್ಬಿಟ್ರಿ" ಅಂದರು ನಯೀಮ್ ಭಾಯ್. ನಾನು ಅವರನ್ನು ತಿದ್ದದೆ ಸಾಮಾನು ಬ್ಯಾಗಿಗೆ ತುಂಬಿಕೊಂಡೆ.

ಕಿವುಡ ಮುನಿರಾಜು ಅನ್ನೋ ಹೆಸರು ಶಿವಾಜಿನಗರದಿಂದ ಹಲಸೂರು ತನಕ ಓಡಾಡಿತು. ಹೆಡ್ಡುಗಳು ನನ್ನ ಕೈಗೆ ಬರತೊಡಗಿದವು. ಸಾರ್ ಅಂಗಡಿಯ ಬಾಗಿಲು ತೆಗೆಯುವುದನ್ನೇ ಬಿಟ್ಟರು. ನಾನು ಅದೇ ಗಲ್ಲಿಯಲ್ಲಿ ಬೇರೆ ಬಾಗಿಲು ತೆಗೆದೆ.

ವರ್ಷದ ಮೇಲೆ, ತಡೆಯಲಾರದೆ, ಕೆ.ಆರ್. ಪುರದ ಹಳೇ ಊರಿನಲ್ಲಿದ್ದ ಅವರ ಮನೆಗೆ ಹೋದೆ. ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಎದುರಿನ ನಲ್ಲಿಯಲ್ಲಿ ಹೆಂಗಸರು ನೀರು ಹಿಡಿಯುತ್ತಿದ್ದರು. "ಸಾರ್, ತಪ್ಪಾಯ್ತು. ಅವತ್ತು ನೀವು ತೋರಿಸಿದ ಜಾಗವೇ ಸರಿ" ಅಂದೆ. ಸಾರ್ ಕಿವಿಗೆ ಕೈ ಅಡ್ಡ ಹಿಡಿದು, "ಏನು?" ಅಂದರು. ಜೋರಾಗಿ ಹೇಳಿದೆ. "ಜೋರಾಗಿ ಹೇಳಮ್ಮ." ಗಂಟಲು ಹರಿಯುವ ಹಾಗೆ ಕೂಗಿದೆ. "ನೀವು ಸರಿ ಸಾರ್! ನಾನು ಮೋಸ ಮಾಡಿದೆ!" ನಲ್ಲಿಯ ಹತ್ತಿರದ ಹೆಂಗಸರೆಲ್ಲ ತಿರುಗಿ ನೋಡಿದರು. ನನ್ನ ಕಣ್ಣಲ್ಲಿ ನೀರು.

ಒಳಗಿಂದ ಎರಡು ಲೋಟ ಕಾಫಿ ತಂದ ಜಯಮ್ಮನವರು, "ಅಯ್ಯೋ, ಯಾಕಮ್ಮ ಹಂಗೆ ಕೂಗ್ಕೊಳ್ತೀಯ? ಕಿವಿಗೆ ಮಿಷನ್ ಹಾಕ್ಸಿ ತಿಂಗಳಾಯ್ತಲ್ಲ. ಹಲ್ಲಿ ಲೊಚಗುಟ್ಟಿದ್ರೂ ಕೇಳ್ಸುತ್ತೆ ಇವರಿಗೆ" ಅಂದರು.

ಸಾರ್ ಕೈ ತೆಗೆದರು. "ಮೊದಲ್ನೇ ಸಲಾನೇ ಕೇಳಿಸ್ತು. ಆದ್ರೆ ಇಲ್ಲಿ ಕೂಗಿ ಏನ್ ಬಂತು? ಈ ನಲ್ಲಿ ಹತ್ರದ ಹೆಂಗಸರಿಗೆ ಮಿಷನ್ ಅಂದ್ರೆ ಹಿಟ್ಟಿನ ಮಿಷನ್ನು. ಮಾಸ್ಕ್ ರೋಡಿಗೆ ಹೋಗು. ಅವತ್ತು ನಕ್ಕರಲ್ಲ, ಅವರ ಮುಂದೆ ಇಷ್ಟೇ ಜೋರಾಗಿ ಹೇಳು. ಆಮೇಲೆ ಬಾ, ಕಾಫಿ ಕುಡಿಯುವಿಯಂತೆ." ನನ್ನ ಪಾಲಿನ ಲೋಟವನ್ನೂ ಅವರೇ ಎತ್ತಿಕೊಂಡು ಕುಡಿದರು.

ನಾನು ಮಾಸ್ಕ್ ರೋಡಿಗೆ ಹೋದೆ. ವಾರಕ್ಕೊಮ್ಮೆ ಹೋಗುತ್ತಿದ್ದೆ, ಕೆಲಸದ ಮೇಲೆ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಅಂದುಕೊಂಡೇ ಇದ್ದೆ. ಹೇಳಿದರೆ ನನ್ನ ಹೆಸರೇನಾಗುತ್ತೆ ಅನ್ನೋ ಹೆದರಿಕೆ. ಅಷ್ಟರಲ್ಲಿ ಸಾರ್ ತೀರಿಕೊಂಡರು.

ತಿಥಿಗೆ ನಯೀಮ್ ಭಾಯ್ ಕೂಡ ಬಂದಿದ್ದರು. "ದೊಡ್ಡ ಉಸ್ತಾದ್ ಆಗಿದ್ರು ಮೇಡಂ. ಪಾಪ, ಕೊನೇಲಿ ಕಿವಿ ಹೋಗಿ ಕೆಲಸಾನೂ ತಪ್ಪೋಯ್ತು. ಅವತ್ತು ನೀವಿಲ್ದೆ ಇದ್ದಿದ್ರೆ ನನ್ನ ಮೆಷಿನ್ ಗತಿ ಏನು?" ಅಂದರು. ಪಕ್ಕದಲ್ಲೇ ಜಯಮ್ಮನವರು ಕಾಫಿಯ ತಟ್ಟೆ ಹಿಡಿದು ನಿಂತು, ನನ್ನ ಬಾಯನ್ನೇ ನೋಡುತ್ತಿದ್ದರು.

"ಹೂಂ" ಅಂದೆ.

ಜಯಮ್ಮನವರು ನಯೀಮ್ ಭಾಯ್‌ಗೆ ಒಂದು ಲೋಟ ಕೊಟ್ಟರು. ಆಮೇಲೆ ನನ್ನನ್ನು ದಾಟಿಕೊಂಡು ಪಕ್ಕದವರ ಹತ್ತಿರ ಹೋದರು.