ಮನೆಯೊಡತಿ ಸೋತ ಭಾನುವಾರ

ಚುನಾವಣೆ ಎಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ದೇಶದ ರಾಜಕೀಯ ಇದಕ್ಕೆ ಕಾರಣವಲ್ಲ. ವೋಲ್ಫ್ಸ್‌ಬುರ್ಗ್ ಪಕ್ಕದ ಸಣ್ಣ ಜರ್ಮನ್ ಊರೊಂದರಲ್ಲಿ ಒಂದು ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಿಕೊಂಡ ರೀತಿ ಕಾರಣ.

ಎಪ್ಪತ್ತರ ದಶಕದ ಆರಂಭ. ನಮ್ಮ ಯಜಮಾನರು ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಮನೆ ಹುಡುಕಿ ಹುಡುಕಿ ಸಾಕಾಗಿತ್ತು. ಫೋನಿನಲ್ಲಿ 'ಖಾಲಿ ಇದೆ, ಬನ್ನಿ' ಎಂದವರು ಬಾಗಿಲಲ್ಲಿ ನಮ್ಮ ಮುಖ ಕಂಡ ಕೂಡಲೇ 'ಈಗಷ್ಟೇ ಕೊಟ್ಟುಬಿಟ್ಟೆವು' ಎನ್ನುತ್ತಿದ್ದರು. ಕೊನೆಗೆ ಮಹಡಿ ಮನೆ ಕೊಟ್ಟವರು ಗಂಡನನ್ನು ಕಳೆದುಕೊಂಡ ಒಬ್ಬ ಶಾಲಾ ಟೀಚರ್. ಕೆಳಗೆ ಅವರು, ಮೇಲೆ ನಾವು. ನಾನು ಒಗ್ಗರಣೆ ಹಾಕಿದರೆ ಮೆಟ್ಟಿಲ ಬುಡದಲ್ಲಿ ನಿಂತು ಇವತ್ತೇನು ಅಡುಗೆ ಎಂದು ಕೇಳುತ್ತಿದ್ದರು. ತಿಳಿಸಾರು ಕೊಟ್ಟರೆ ಸೂಪಿನಂತೆ ಕುಡಿಯುತ್ತಿದ್ದರು. ನಾನು ಬಸುರಿ ಎಂದು ಗೊತ್ತಾದಾಗ ನನಗಿಂತ ಹೆಚ್ಚು ಸಂಭ್ರಮಪಟ್ಟವರು ಅವರೇ.

ಅವರಿಗೆ ಪಾರ್ಲಿಮೆಂಟಿಗೆ ನಿಲ್ಲುವ ಆಸೆ. ಅದಕ್ಕೆ ಮೊದಲು ಪಕ್ಷದವರು ಗಾಸ್ಟ್‌ಹೌಸ್‌ನ, ಅಂದರೆ ಊರ ಹೋಟೆಲಿನ, ಹಿಂದಿನ ಹಾಲ್‌ನಲ್ಲಿ ಸೇರಿ, ಚೀಟಿಯಲ್ಲಿ ಮತ ಹಾಕಿ, ಕ್ಷೇತ್ರಕ್ಕೆ ಒಬ್ಬರನ್ನು ಆರಿಸಬೇಕು. ಎದುರಾಳಿ ಒಬ್ಬ ವಕೀಲ. ತನ್ನ ಮನೆಯನ್ನೇ ಹೊರದೇಶದವರಿಗೆ ಬಿಟ್ಟುಕೊಟ್ಟವಳು ಊರನ್ನೇನು ಕಾಯುತ್ತಾಳೆ ಎಂದು ಆತ ಹೋದಲ್ಲೆಲ್ಲ ಹೇಳುತ್ತಿದ್ದ. ಆಯ್ಕೆಗೆ ಮುಂಚೆ ನಮ್ಮನ್ನು ಮನೆ ಬಿಡಿಸುವುದು ಒಳ್ಳೆಯದೆಂದು ಟೀಚರ್ ಕಡೆಯವರೂ ಸಲಹೆ ಕೊಟ್ಟರಂತೆ.

"ನನ್ನ ಮನೇಲಿ ಯಾರಿರಬೇಕು ಅಂತ ನಾನು ತೀರ್ಮಾನ ಮಾಡ್ತೀನಿ ಅಂದೆ," ಎಂದು ಅವರೇ ನಮಗೆ ಹೇಳಿದರು. ಅವತ್ತು ಆಕೆಯ ಕಾಲಿಗೆ ಬೀಳಬೇಕೆನಿಸಿತು.

ಆಯ್ಕೆ ಒಂದು ಭಾನುವಾರ ಮಧ್ಯಾಹ್ನ. ನಮಗೆ ಅಲ್ಲಿ ಮತವಿಲ್ಲ, ಪ್ರವೇಶವೂ ಇಲ್ಲ. ಮನೆಯಲ್ಲೇ ಕೂತು ಕೇಸರಿಬಾತ್ ಮಾಡಿದೆ. ಬಿಸಿಲಿರುವಾಗಲೇ ಗೇಟಿನ ಮುಂದೆ ಕಾರು ನಿಂತು, ಅವರ ಜೊತೆಗೆ ಮೂರ್ನಾಲ್ಕು ಜನ ಪಕ್ಷದ ಗಂಡಸರು ಇಳಿದರು. ನಮ್ಮ ಕಡೆ ಸೋತವರ ಹಿಂದೆ ನೊಣವೂ ಸುಳಿಯುವುದಿಲ್ಲ. ಗೆದ್ದೇ ಗೆದ್ದರು ಎಂದುಕೊಂಡು ತಟ್ಟೆಯಲ್ಲಿ ಕುಂಕುಮದ ನೀರು ಕದಡಿ, ಬತ್ತಿ ಹಚ್ಚಿ, ಏದುಸಿರು ಬಿಡುತ್ತ ಕೆಳಗಿಳಿದೆ.

"ತಡಿಯೇ, ಮೊದ್ಲು ಕೇಳೋಣ," ಎಂದು ಯಜಮಾನರು ಹಿಂದಿನಿಂದ ಹೇಳುತ್ತಲೇ ಇದ್ದರು.

ಗೇಟಿನಲ್ಲೇ ಅವರನ್ನು ನಿಲ್ಲಿಸಿ ಆರತಿ ಎತ್ತಿದೆ. ಆ ಗಂಡಸರು ನನ್ನ ಸೀರೆ, ಹೊಟ್ಟೆ, ಕೈಯಲ್ಲಿದ್ದ ದೀಪ ಎಲ್ಲವನ್ನೂ ನೋಡಿದರು. ಎದುರುಮನೆಯ ಪರದೆ ಸರಿಯಿತು. ಆಕೆಯ ಮುಖ ನೋಡಿದ ಮೇಲೆ ಸೋತಿದ್ದಾರೆಂದು ನನಗೆ ಹೊಳೆಯಿತು.

"ಒಳಗೆ ಹೋಗಿ, ಫ್ರೌ ಡಾಕ್ಟರ್. ಜನ ನೋಡ್ತಿದಾರೆ," ಎಂದರು ಆಕೆ. ಡಾಕ್ಟರ ಹೆಂಡತಿಯನ್ನು ಅಲ್ಲಿ ಕರೆಯುವುದೇ ಹಾಗೆ.

ಜನ ನೋಡುತ್ತಾರೆಂದು ಆಕೆ ಅದುವರೆಗೆ ಯಾವತ್ತೂ ಅಂಜಿದವರಲ್ಲ.

ಮಾರನೆಯ ದಿನ ಮೇಲೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಕೆಲವೇ ಮತಗಳಲ್ಲಿ ಹೋಯಿತಂತೆ. "ಮುಂದಿನ ಸಲ ಮತ್ತೆ ನಿಲ್ತೀನಿ. ಅಷ್ಟರಲ್ಲಿ ನೀವು ಬೇರೆ ಮನೆ ನೋಡ್ಕೊಳ್ಳಿ. ಮಗು ಹುಟ್ಟಲಿ, ಅವಸರ ಇಲ್ಲ." ಅವರ ಕಣ್ಣು ಒದ್ದೆಯಾಗಿತ್ತು. ಯಜಮಾನರು ಸರಿ ಎಂದುಬಿಟ್ಟರು. ನನಗೆ ಅವರ ಮೇಲೂ ಕೋಪ ಬಂತು.

"ಏನಾದ್ರೂ ಅನ್ನಬಾರದಿತ್ತೇನ್ರೀ?"

"ಏನನ್ಲಿ? ನಮಗೋಸ್ಕರ ಒಂದ್ಸಲ ಸೋತಾಯ್ತು. ಇನ್ನೊಂದ್ಸಲ ಸೋಲಿ ಅನ್ಲಾ?"

ಹೆರಿಗೆಯಾಗಿ ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಆಸ್ಪತ್ರೆಯವರು ಕೊಟ್ಟ ಒಂಟಿ ಕೋಣೆಗೆ ಹೋದೆವು. ಗೋಡೆಯೆಲ್ಲ ಥಂಡಿ. ಚಳಿಗಾಲವಿಡೀ ಮಗು ಕೆಮ್ಮಿತು. ಅದನ್ನು ಎದೆಗವಚಿಕೊಂಡು ಕೂತಾಗಲೆಲ್ಲ, ಆಕೆ ಮುಂದಿನ ಸಲವೂ ಸೋಲಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆಕೆಗೆ ಕೇಡು ಬಯಸಿ ಅಲ್ಲ. ನಾವಿಲ್ಲದೆಯೂ ಸೋತರೆ, ಮೊದಲ ಸೋಲು ನಮ್ಮಿಂದಾದದ್ದಲ್ಲ ಎಂದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು.

ಪಾರ್ಲಿಮೆಂಟ್ ಅವಧಿಗೆ ಮುಂಚೆಯೇ ವಿಸರ್ಜನೆಯಾಗಿ, ಮುಂದಿನ ಸಲದ ಆಯ್ಕೆ ಬೇಗನೇ ಬಂತು. ಆಕೆ ಗೆದ್ದರು. ಯಜಮಾನರು ಪೇಪರಿನಲ್ಲಿ ಓದಿ ಹೇಳಿದಾಗ ನಾನು ಮಗುವಿನ ಬಟ್ಟೆ ಒಣಹಾಕುತ್ತಿದ್ದೆ. ಅದೇ ಹಾಲ್, ಅದೇ ಜನ, ಎದುರಾಳಿಯೂ ಅದೇ ವಕೀಲ. ಬದಲಾಗಿದ್ದು ಒಂದೇ, ಮಹಡಿ ಖಾಲಿಯಾಗಿತ್ತು.