ಮೊಮ್ಮಗಳ ಹಗ್ಗದ ತುದಿ

ಹಾಲು ಹಾಕುವವನಿಗೆ ಹೇಳಿದ್ದಾಯಿತು. ಬೆಳಗಾವಿ ಕೋಟೆಯ ಕಡೆ ಬೆಳಗ್ಗೆ ತಿರುಗಾಡಲು ಬರುವ ನನ್ನ ಓರಗೆಯವರಿಗೆಲ್ಲ ಹೇಳಿದ್ದಾಯಿತು. ಕಟಿಂಗ್ ಅಂಗಡಿಯಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕುಳಿತಾಗಲೂ ಶುರು ಮಾಡಿದ್ದೆ, ಅವನು "ಬಾಯಿ ಮುಚ್ಚರಿ ಅಜ್ಜಾರ, ಕೈಯಾಗ ಕತ್ತಿ ಐತಿ" ಅಂದ. ಈಗೀಗ ನಾನು ಬರುವುದು ಕಂಡರೆ ಓಣಿಯ ಮಂದಿಗೆ ಒಮ್ಮೆಲೇ ಕೆಲಸ ನೆನಪಾಗುತ್ತದೆ. ಅದಕ್ಕೆ ಕಾಗದಕ್ಕೆ ಹೇಳಲು ಕುಳಿತಿದ್ದೇನೆ. ಕಾಗದ ಎದ್ದು ಹೋಗುವುದಿಲ್ಲ. ನಾಲ್ಕನೇ ಇಯತ್ತೆಗೆ ನಿಂತ ಅಕ್ಷರ ನನ್ನದು, ಸಾಲು ಸ್ವಲ್ಪ ಸೊಟ್ಟಗಾದರೆ ಆಗಲಿ.

ಸಂಗತಿ ಇಷ್ಟೇ: ನನ್ನ ಮೊಮ್ಮಗಳು ಖಾನಾಪುರದಲ್ಲಿ, ಅಷ್ಟು ಜನರ ಎದುರು, ಹಗ್ಗ ಹತ್ತಿದಳು.

ಹಗ್ಗ ಅಂದರೆ ಹಗ್ಗದ ಮಲ್ಲಕಂಬ. ಎತ್ತರದ ಕಬ್ಬಿಣದ ಚೌಕಟ್ಟಿನಿಂದ ನೂಲಿನ ಹಗ್ಗ ಒಂದನ್ನು ಇಳಿಬಿಟ್ಟಿರುತ್ತಾರೆ. ಹುಡುಗಿಯರು ಅದರ ಕೆಳತುದಿಯನ್ನು ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಿಡಿದು ಸರಸರನೆ ಏರುತ್ತಾರೆ. ಮೇಲೆ ಹೋಗಿ ಅದನ್ನೇ ಸೊಂಟಕ್ಕೆ, ತೊಡೆಗೆ ಸುತ್ತಿಕೊಂಡು, ಒಂದು ಗಂಟೂ ಹಾಕದೆ, ಎರಡೂ ಕೈ ಬಿಟ್ಟು ಗಾಳಿಯಲ್ಲಿ ಪದ್ಮಾಸನ ಹಾಕಿ ಕೂಡುತ್ತಾರೆ. ಮೊದಲ ಸಲ ನಮ್ಮ ಕೂಸು ಹಾಗೆ ತಲೆಕೆಳಗಾಗಿ ನೇತಾಡುವುದನ್ನು ಕಂಡು ನಾನು ಧೋತರದ ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು ಕೆಳಗೆ ಓಡಿ ಹೋಗಿ ನಿಂತಿದ್ದೆ, ಮಾವಿನಹಣ್ಣು ಉದುರುತ್ತದೆ ಎನ್ನುವ ಹಾಗೆ. ಅವಳಿಗೆ ಕಲಿಸುವ ಅಕ್ಕೋರು ನಕ್ಕು ನಕ್ಕು ಗೋಡೆಗೆ ಆತುಕೊಂಡರು.

ಅವಳು ಕಲಿಯುವ ತಾಲೀಮಿಗೆ, ಅಂದರೆ ಗರಡಿಮನೆಗೆ, ಇದ್ದದ್ದು ಒಂದೇ ಹಗ್ಗ. ಎಷ್ಟೋ ಕಾಲ್ಬೆರಳು ಹಿಡಿದು ಹಿಡಿದು ಅದರ ತುದಿಯ ಹಳೆಯ ಕಟ್ಟು ಬಿಟ್ಟಿತ್ತು. ತುದಿ ಬಿಟ್ಟ ಹಗ್ಗ ಸುಮ್ಮನಿರುವುದಿಲ್ಲ. ಹುರಿ ಬಿಚ್ಚುತ್ತ ಬಿಚ್ಚುತ್ತ ಮೇಲೆ ಹತ್ತುತ್ತದೆ, ಎಳೆಗಳು ಹಿಂಜಿ ಜೋಳದ ತೆನೆಯ ರೇಷ್ಮೆಯ ಹಾಗೆ ಆಗುತ್ತವೆ. ಹಿಡಿದರೆ ಬೆರಳಿಗೆ ಸಿಕ್ಕಿಕೊಳ್ಳುತ್ತವೆ. ಒಂದು ಸಂಜೆ ಮೊಮ್ಮಗಳು ಮನೆಗೆ ಬಂದವಳೇ ಚೀಲ ಒಗೆದು ಮೂಲೆಯಲ್ಲಿ ಕುಳಿತಳು. ಅವಳಿಗೆ ಬಹಳ ಸೇರುವ ಹೆಸರುಕಾಳು ಉಸುಳಿ ಮಾಡಿದ್ದರೂ ಮುಟ್ಟಲಿಲ್ಲ.

"ಏನಾತವಾ?" ಅಂದೆ.

"ಖಾನಾಪುರದ ಪ್ರೋಗ್ರಾಂ ಇಲ್ಲಂತ. ಹಗ್ಗದ ತುದಿ ಬಿಚ್ಚೈತಿ. ಇಂಥಾದ್ರ ಮ್ಯಾಲ ನಾ ಯಾರನ್ನೂ ಹತ್ತಿಸಂಗಿಲ್ಲ ಅಂದ್ರು ಅಕ್ಕೋರು. ಹೊಸ ಹಗ್ಗ ಬರಾಕ ಭಾಳ ದಿನ ಬೇಕಂತ." ಚೀಲವನ್ನು ಕಾಲಿನಿಂದ ದೂರ ತಳ್ಳಿದಳು. "ಎಲ್ಲಾರಕಿಂತ ಮೊದಲ ನಾನ ಹತ್ತಾಕಿ ಇದ್ದೆ, ಅಜ್ಜಾ."

ಖಾನಾಪುರದ ಒಂದು ಶಾಲೆಯ ಮೈದಾನದಲ್ಲಿ ಭಾನುವಾರ ಪ್ರದರ್ಶನವಿತ್ತು. ಜನರ ಎದುರು ಅವಳು ಹತ್ತುವುದು ಅದೇ ಮೊದಲು. ಓಣಿಯ ಗೆಳತಿಯರಿಗೆ, ಕಿರಾಣಿ ಅಂಗಡಿಯವರಿಗೆ, ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಹೇಳಿಕೊಂಡು ತಿರುಗುವುದು ನಮ್ಮ ರಕ್ತದಲ್ಲೇ ಇದೆ ಅನ್ನಿ.

ಮಗ ಆಟೋ ನಗರದಲ್ಲಿ ಲಾರಿ ರಿಪೇರಿ ಮಾಡುತ್ತಾನೆ. ಅವನು, "ಇದೇನ್ ದೊಡ್ಡ ಕೆಲಸ? ತರ್ರಿ ಇಲ್ಲೆ" ಎಂದು ಮಗಳನ್ನು ಕರೆದುಕೊಂಡು ಹೋಗಿ ಅಕ್ಕೋರನ್ನು ಕೇಳಿ ಹಗ್ಗ ತಂದ. ಲಾರಿಯ ಮೇಲೆ ತಾಡಪತ್ರಿ ಬಿಗಿಯುವ ನೈಲಾನ್ ಹಗ್ಗಕ್ಕೆ ಮಾಡುವಂತೆ ತುದಿಗೆ ಲೈಟರ್ ಹಿಡಿದ. ನೈಲಾನ್ ಆದರೆ ಕರಗಿ ಕೂಡಿಕೊಳ್ಳುತ್ತದೆ. ಇದು ನೂಲು, ದೀಪದ ಬತ್ತಿಯ ಹಾಗೆ ಚಂದವಾಗಿ ಉರಿಯಿತು.

"ಆರತಿ ಮಾಡಾಕತ್ತೀಯೇನೋ?" ಎಂದು ನಮ್ಮ ಮನೆಯಾಕೆ ಒಳಗಿಂದ ಓಡಿ ಬಂದು ಅದನ್ನು ಬಕೆಟ್ಟಿನಲ್ಲಿ ಅದ್ದಿದಳು. ಆಮೇಲೆ ಅವನು ಕರಿ ಟೇಪು ಸುತ್ತಿದ. ಒದ್ದೆ ಹಗ್ಗ, ಟೇಪು ಹಾವಿನ ಪೊರೆಯ ಹಾಗೆ ಸುಲಿದು ಬಂತು.

ಆಗ ಮೊಮ್ಮಗಳು ನನ್ನ ಕಡೆ ತಿರುಗಿದಳು. "ಅಜ್ಜಾ, ನೀ ಎತ್ತಿನ ಹಗ್ಗದ ತುದಿ ಕಟ್ಟತಿದ್ದಿ ಅಂತಿದ್ದೆಲ್ಲಾ?"

ಕೇಳಬೇಕೇ! ನಮ್ಮ ಮೂಲ ಹಳ್ಳಿ ಪಾರಿಶ್ವಾಡ. ಎತ್ತು ಇರುವಷ್ಟು ದಿನ ಅವುಗಳ ಹಗ್ಗ, ಕಣ್ಣಿ, ಮೂಗುದಾರ ಎಲ್ಲದರ ತುದಿಯೂ ನನ್ನ ಕೈಯಿಂದಲೇ ಆಗಬೇಕು. ಬೆಳಗಾವಿಗೆ ಬಂದ ಮೇಲೆ ಆ ಕೈಗೆ ಟಿವಿ ರಿಮೋಟ್ ಹಿಡಿಯುವುದು ಬಿಟ್ಟು ಬೇರೆ ಕೆಲಸ ಸಿಕ್ಕಿರಲಿಲ್ಲ. ಹಗ್ಗವನ್ನು ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿ, ಸುಟ್ಟ ಭಾಗ ಕತ್ತರಿಸಿ, ಶನಿವಾರ ಸಂಜೆ ಪಡಸಾಲೆಯಲ್ಲಿ ಹರಡಿಕೊಂಡು ಕುಳಿತೆ. ಮೊಮ್ಮಗಳು ಎದುರಿಗೆ, ಗಲ್ಲಕ್ಕೆ ಕೈ ಕೊಟ್ಟು.

"ನೋಡು, ದಾರ ಹಿಂಗ ಕುಣಿಕಿ ಮಾಡಿ ಹಗ್ಗದ ಮ್ಯಾಲ ಮಲಗಿಸಬೇಕು. ಅದರ ಮ್ಯಾಲ ಸುತ್ತು ಹಾಕೋತ ತುದಿ ಕಡೆ ಹೋಗಬೇಕು. ಒಂದರ ಬಾಜೂಕ ಒಂದು. ಒಂದರ ಮ್ಯಾಲ ಒಂದು ಹತ್ತಬಾರದು."

"ಬಸ್ಸಿಗೆ ಪಾಳಿ ನಿಂತಂಗ?"

"ನಮ್ಮ ಮಂದಿ ಬಸ್ಸಿಗೆ ಎಲ್ಲಿ ಹಂಗ ನಿಲ್ಲತಾರವಾ! ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ."

ಕೊನೆಗೆ ಉಳಿದ ದಾರವನ್ನು ಕುಣಿಕೆಯೊಳಗೆ ತೂರಿಸಿ ಹಿಂದಿನ ಎಳೆಯನ್ನು ಜಗ್ಗಿದೆ. ಕುಣಿಕೆ ದಾರವನ್ನು ಎಳೆದುಕೊಂಡು ಸುತ್ತುಗಳ ಹೊಟ್ಟೆಯೊಳಗೆ ಹೋಗಿ ಅಡಗಿತು. ಗಂಟೇ ಕಾಣಲಿಲ್ಲ. ಮೊಮ್ಮಗಳು ಹಾ ಎಂದು ಬಾಯಿ ತೆರೆದಳು. ಆ ತೆರೆದ ಬಾಯಿ ನೋಡಿ ನಾನು ಉಬ್ಬಿಹೋದೆ. ಅಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಮೊದಲು ತುದಿಗೆ ಕೆಂಪು ಹಸಿರು ಉಣ್ಣೆಯ ಗೊಂಡೆ ಕಟ್ಟಿದೆ, ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟುವಂಥದ್ದು. ಮನೆಯಾಕೆ ಒಲೆಯ ಮುಂದಿನಿಂದಲೇ, "ಅಷ್ಟ ಯಾಕ್ರೀ? ಮೊಮ್ಮಗಳ ಕೋಡಿಗೆ ಬಣ್ಣಾನೂ ಹಚ್ಚಿಬಿಡ್ರಿ" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಮ್ಮಗಳು ಮಲಗಲು ಹೋದ ಮೇಲೆ ಇನ್ನೊಂದು ನೆನಪಾಯಿತು. ಎತ್ತಿನ ಹಗ್ಗಕ್ಕೆ ತುದಿ ಕಟ್ಟಿದ ಮೇಲೆ ಎಣ್ಣೆ ತಿಕ್ಕುತ್ತಿದ್ದೆವು, ಮಳೆನೀರು ಕುಡಿಯದಿರಲಿ ಎಂದು. ಆ ತಾಲೀಮಿನಲ್ಲೂ ಹುಡುಗರು ಹತ್ತುವ ಕಟ್ಟಿಗೆಯ ಕಂಬಕ್ಕೆ ಔಡಲೆಣ್ಣೆ, ಅದೇ ಹರಳೆಣ್ಣೆ, ಹಚ್ಚುವುದನ್ನು ನನ್ನ ಕಣ್ಣಾರೆ ಕಂಡಿದ್ದೆ. ಕಂಬಕ್ಕೆ ಹಚ್ಚಿದ ಮೇಲೆ ಹಗ್ಗಕ್ಕೆ ಬೇಡವೇ? ಬಾಟಲಿ ತೆಗೆದು ತುದಿಯಿಂದ ಒಂದು ಮೊಳ ಮೇಲಿನವರೆಗೆ ಚೆನ್ನಾಗಿ ಕುಡಿಸಿದೆ. ಧೂಳು ಹತ್ತಬಾರದೆಂದು ಹಳೆಯ ಧೋತರದಲ್ಲಿ ಸುತ್ತಿಟ್ಟೆ.

ಭಾನುವಾರ ಮಗನ ಗೆಳೆಯನ ಟೆಂಪೊದಲ್ಲಿ ಎಲ್ಲರೂ ಖಾನಾಪುರಕ್ಕೆ ಹೋದೆವು. ಹುಡುಗಿಯರು ದಾರಿಯುದ್ದಕ್ಕೂ ಹಾಡಿದರು. ನಾನು ಹಗ್ಗದ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಮದುಮಗನ ಕಡೆಯ ಹಿರಿಯನ ಹಾಗೆ ಮುಂದೆ ಕುಳಿತಿದ್ದೆ. ಮೈದಾನದಲ್ಲಿ ಆಗಲೇ ಜನ ಕೂಡುತ್ತಿದ್ದರು. ಮಗ ಏಣಿ ಹಾಕಿ ಹತ್ತಿ ಹಗ್ಗವನ್ನು ಚೌಕಟ್ಟಿಗೆ ಕಟ್ಟಿದ. ಗೊಂಡೆ ನೋಡಿ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕೋರು ಕಟ್ಟನ್ನು ಬಗ್ಗಿ ನೋಡಿ, "ವಾ, ಆಜೋಬಾ! ಬಿಗಿ ಅಂದ್ರ ಬಿಗಿ" ಎಂದರು; ಅವರ ಮನೆಮಾತು ಮರಾಠಿ, ಅಜ್ಜನಿಗೆ ಆಜೋಬಾ ಅನ್ನುತ್ತಾರೆ. ನಂತರ ಮೊಮ್ಮಗಳಿಗೆ, "ಒಮ್ಮೆ ಹತ್ತಿ ನೋಡವಾ, ಬೆರಳಿಗೆ ಹೆಂಗ್ ಕೂಡತೈತಿ" ಎಂದರು.

ಅವಳು ಹಗ್ಗಕ್ಕೆ ನಮಸ್ಕಾರ ಮಾಡಿ, ಕಾಲ್ಬೆರಳಲ್ಲಿ ತುದಿ ಹಿಡಿದು ಮೈ ಎತ್ತಿದಳು. ಸುರ್ರ್ ಅಂತ ಜಾರಿ ಚಾಪೆಯ ಮೇಲೆ ಕುಂಡಿಯೂರಿ ಕುಳಿತಳು. ಮತ್ತೆ ಎದ್ದಳು. ಮತ್ತೆ ಸುರ್ರ್. ಈ ಸಲ ಕಾಲ್ಬೆರಳು ಮುಟ್ಟಿ ನೋಡಿಕೊಂಡು ನನ್ನ ಮುಖ ನೋಡಿದಳು.

ಅಕ್ಕೋರು ಹಗ್ಗ ಹಿಡಿದು ಮೂಗಿನ ಹತ್ತಿರ ತಂದರು. "ಅಗ ಬಾಯಿ! ಔಡಲೆಣ್ಣಿ!"

"ಕಂಬಕ್ಕ ಹಚ್ಚತೀರಲ್ರೀ..." ಅಂದೆ.

"ಕಂಬಕ್ಕ ಹಚ್ಚತೇವ್ರಿ ಅಜ್ಜಾರ. ಹಗ್ಗಕ್ಕ ಹಚ್ಚಿದ್ರ ಕೂಸು ಹೆಂಗ್ ಹಿಡೀಬೇಕ್ರಿ?"

ನಮ್ಮ ಮನೆಯಾಕೆ ಹಣೆ ಬಡಿದುಕೊಂಡಳು. "ಮುಂಜಾನಿಂದ ವಾಸನಿ ಬಡೀತಿತ್ರಿ ನನಗ. ಮೊಣಕಾಲಿಗೆ ಹಚ್ಕೊಂಡೀರಿ ಅಂತ ಸುಮ್ಮಕಿದ್ದೆ!"

ನಾನು ಕೂಡಲೇ ಹೆಗಲ ಮೇಲಿನ ಟವೆಲಿನಿಂದ ಒರೆಸತೊಡಗಿದೆ. ನೂಲು ಕುಡಿದ ಎಣ್ಣೆ ಒರೆಸಿದರೆ ಬರುತ್ತದೆಯೇ? ನನ್ನ ಎರಡೂ ಕೈ ಜಿಡ್ಡಾದವು, ಅಷ್ಟೇ. ವೇದಿಕೆಯಲ್ಲಿ ಮೈಕು ಹಲೋ ಹಲೋ ಅನ್ನುತ್ತಿತ್ತು. ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು. ಎಣ್ಣೆ ಎಲ್ಲಿಯವರೆಗೆ ಏರಿದೆ ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಇಲ್ಲಿತನಾ ಅಷ್ಟ ಐತಿ ಅಜ್ಜಾ. ಮ್ಯಾಲ ಒಣಗಿ ಐತಿ. ಇಷ್ಟು ಕತ್ತರಿಸಿದ್ರ?"

ಮೇಲೆ ಚೌಕಟ್ಟಿನಲ್ಲಿ ಹೆಚ್ಚಿನ ಹಗ್ಗ ಸುತ್ತಿಟ್ಟಿತ್ತು. ಒಂದು ಮೊಳ ಕೆಳಗೆ ಬಿಟ್ಟುಕೊಂಡರೆ ಸಾಕು. ಮಗ ಚಾಕು ತೆಗೆದ.

"ತಡೀಪಾ!" ಎಂದು ಕೂಗಿದೆ. "ಮೊದಲ ಕಟ್ಟಬೇಕು, ಆಮ್ಯಾಲ ಕೊಯ್ಯಬೇಕು. ಕೊಯ್ದು ಕಟ್ಟಾಕ ಹೋದ್ರ ಬಿಚ್ಚಿಕೋತ ಓಡತೈತಿ."

ಕಟ್ಟಲು ದಾರ? ನಮ್ಮ ಮನೆಯಾಕೆ ಎಲ್ಲಿಗೆ ಹೋದರೂ ಕೌದಿ ಹೊಲಿಯುವ ದಾರದ ಉಂಡೆ ಅವಳ ಕೈಚೀಲದಲ್ಲಿ ಇರುತ್ತದೆ. ಅಂಗಡಿಯ ದಾರಕ್ಕಿಂತ ಗಟ್ಟಿ. ನಾನು ಕೈ ಚಾಚಿದೆ. ಅವಳು ಉಂಡೆಯನ್ನು ಹಿಂದಕ್ಕೆ ಎಳೆದುಕೊಂಡಳು. "ಆ ಕೈಲೆ ಮುಟ್ಟಬ್ಯಾಡ್ರಿ! ದಾರಾನೂ ಜಾರತೈತಿ, ಹಗ್ಗಾನೂ ಜಾರತೈತಿ, ನಿಮ್ಮ ಮೊಮ್ಮಗಳೂ ಜಾರತಾಳ."

ನನ್ನ ಕೈ ನೋಡಿಕೊಂಡೆ. ದೋಸೆ ಹೊಯ್ಯುವ ಹಂಚಿನ ಹಾಗೆ ಹೊಳೆಯುತ್ತಿದ್ದವು. ಮೊಮ್ಮಗಳು ಅಜ್ಜಿಯ ಸೆರಗಿಗೆ ಬೆರಳು ತಿಕ್ಕಿ ಒರೆಸಿ, ಉಂಡೆ ತೆಗೆದುಕೊಂಡು ಹಗ್ಗದ ಮುಂದೆ ಮೊಣಕಾಲೂರಿ ಕುಳಿತಳು.

"ನಾ ಕಟ್ಟತೇನಿ. ನೀ ಬರೇ ಹೇಳು."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಮುಟ್ಟದೆ ಹೇಳುವುದು ಎಷ್ಟು ಕಷ್ಟ ಅಂತೀರಿ! ಅವಳು ಕುಣಿಕೆ ಮಲಗಿಸಿದಾಗ ನನ್ನ ಬೆರಳುಗಳೂ ಹಿಂದೆ ಕುಣಿಕೆ ಮಾಡುತ್ತಿದ್ದವು. ಅವಳು ಸುತ್ತು ಹಾಕಿದಂತೆಲ್ಲ ನಾನು ಟವೆಲನ್ನು ಸುತ್ತುತ್ತಿದ್ದೆ. ಒಂದು ಸುತ್ತು ಇನ್ನೊಂದರ ಮೇಲೆ ಏರಿತು. ನಾನು ಬಾಯಿ ತೆರೆಯುವುದರೊಳಗೆ ಅವಳೇ, "ಏ, ಪಾಳಿ ತಪ್ಪಿಸಿದಿ, ಹಿಂದ ಸರಿ" ಎಂದು ದಾರಕ್ಕೆ ಬೈದು, ಬಿಚ್ಚಿ, ಮತ್ತೆ ಒತ್ತಾಗಿ ಕೂಡಿಸಿದಳು. ಹಗ್ಗ ಹಿಡಿದು ಹಿಡಿದು ದಡ್ಡುಗಟ್ಟಿದ ಪುಟ್ಟ ಬೆರಳುಗಳು, ಅವು ಜಗ್ಗಿದ ದಾರ ಸಡಿಲಾಗುವ ಮಾತೇ ಇಲ್ಲ. ಕೊನೆಯ ಎಳೆಯನ್ನು ಕುಣಿಕೆಗೆ ತೂರಿಸಿ ಹಲ್ಲು ಕಚ್ಚಿ ಎಳೆದಳು. ಕುಣಿಕೆ ಒಳಗೆ ಹೋಯಿತು. ಗಂಟು ಕಾಣಲಿಲ್ಲ.

ಮಗ ಕಟ್ಟಿನ ಕೆಳಗೆ ಕೊಯ್ದ. ನಾನು ಕಟ್ಟಿದ ತುದಿ, ಗೊಂಡೆ, ಎಣ್ಣೆ ಎಲ್ಲ ಸೇರಿ ಚಾಪೆಯ ಮೇಲೆ ಬಿತ್ತು. ಹೊಸ ತುದಿಯಲ್ಲಿ ಒಂದು ಎಳೆಯೂ ಅಲುಗಲಿಲ್ಲ. ಮಗ ಏಣಿ ಹತ್ತಿ ಮೇಲಿನ ಹಗ್ಗ ಒಂದು ಮೊಳ ಕೆಳಗೆ ಬಿಟ್ಟ. ಅಕ್ಕೋರು ತುದಿಯನ್ನು ಜಗ್ಗಿದರು, ತಿರುವಿದರು, ಕೊನೆಗೆ ತಾವೇ ಕಾಲ್ಬೆರಳಲ್ಲಿ ಹಿಡಿದು ಮೈಭಾರ ಹಾಕಿ ನೋಡಿದರು. "ಚಲೋ ಐತಿ. ಹತ್ತು" ಎಂದರು.

ಮೈಕಿನಲ್ಲಿ ನಮ್ಮ ಕೂಸಿನ ಹೆಸರು ಕೇಳಿಸಿತು. ಅವಳು ಕಾಲು ಒರೆಸಿಕೊಂಡು, ಹಗ್ಗಕ್ಕೆ ನಮಸ್ಕಾರ ಮಾಡಿ, ತುದಿ ಹಿಡಿದಳು. ಜಾರಲಿಲ್ಲ. ಏರಿದಳು. ಅಲ್ಲಿಂದ ಮುಂದೆ ನನ್ನ ಕಣ್ಣು ಆ ತುದಿಯನ್ನು ಬಿಡಲಿಲ್ಲ. ಮೇಲೆ ಅವಳು ಏನೇನು ಮಾಡುತ್ತಿದ್ದಳೋ, ಅದಕ್ಕೆ ತಕ್ಕಂತೆ ಕೆಳಗೆ ತುದಿ ಕುಣಿಯುತ್ತಿತ್ತು, ಸುತ್ತುತ್ತಿತ್ತು, ಒಮ್ಮೆ ನೆಲ ಸವರುತ್ತಿತ್ತು. ನನಗೆ ಒಂದೇ ಚಿಂತೆ: ಒಂದು ಎಳೆ ಹೊರಗೆ ಬಂತೇ? ಇಲ್ಲ. ಈಗ? ಇಲ್ಲ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನಾನೂ ತುದಿಯನ್ನು ನೋಡುತ್ತಲೇ ತಟ್ಟಿದೆ.

ಪಕ್ಕೆಗೆ ಮನೆಯಾಕೆಯ ಮೊಣಕೈ ತಿವಿತ ಬಿತ್ತು. "ಏನ್ ನೆಲಾ ನೋಡಾಕತ್ತೀರಿ? ಮ್ಯಾಲ ನೋಡ್ರೀ! ಕೂಸು ಮ್ಯಾಲ ಐತಿ!"

ತಲೆ ಎತ್ತಿದೆ. ಮೇಲೆ, ಆಕಾಶಕ್ಕೆ ಒತ್ತಿಕೊಂಡ ಹಾಗೆ, ನಮ್ಮ ಕೂಸು ಪದ್ಮಾಸನ ಹಾಕಿ ಕುಳಿತಿತ್ತು. ಎರಡೂ ಕೈ ಬಿಟ್ಟು ಜೋಡಿಸಿ ನಗುತ್ತಿತ್ತು. ಆಮೇಲೆ ಏನು ಕಂಡಿತೆಂದು ಕೇಳಬೇಡಿ, ಕಣ್ಣೊರೆಸಿಕೊಳ್ಳಲು ಹೋಗಿ ಔಡಲೆಣ್ಣೆಯ ಕೈಯನ್ನು ಕಣ್ಣಿಗೆ ಹಚ್ಚಿಕೊಂಡಿದ್ದೆ. ನಮ್ಮ ಮನೆಯಾಕೆ ಸೆರಗಿನಿಂದ ನನ್ನ ಮುಖ ಒರೆಸುತ್ತ, "ಇವತ್ತ ನೀವ ಜಾರಿ ಬೀಳಬ್ಯಾಡ್ರಿ ಮತ್ತ" ಎಂದಳು. ಅವಳ ಕಣ್ಣೂ ಒಣಗಿರಲಿಲ್ಲ, ಎಣ್ಣೆ ಮಾತ್ರ ಹಚ್ಚಿಕೊಂಡಿರಲಿಲ್ಲ.

ಇಳಿದು ಬಂದವಳೇ ಓಡಿ ನನ್ನ ಹತ್ತಿರ ಬಂದಳು. ಏದುಸಿರು ಬಿಡುತ್ತಿದ್ದಳು. "ಅಜ್ಜಾ, ನಾ ಕೈ ಬಿಟ್ಟಿದ್ದು ನೋಡಿದ್ಯೇನ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಡೀದು ಒಂದ ನೋಡಿದೆವಾ. ಉಳದದ್ದೆಲ್ಲಾ ನೀ ಕಟ್ಟಿದ ತುದಿ ನೋಡಿದೆ."

"ಬಿಚ್ಚಿತೇನ?"

"ಒಂದ ಎಳಿ ಬಿಚ್ಚಿದ್ರ ಕೇಳು."

ಅವಳು ಕೈ ಬಿಟ್ಟು ಕುಳಿತಾಗಲೂ ಅಷ್ಟು ನಕ್ಕಿರಲಿಲ್ಲ. ತಿರುಗಿ ಗೆಳತಿಯರ ಕಡೆ ಓಡಿದಳು. "ಏ, ಬರ್ರೆ ಇಲ್ಲೆ! ತುದಿ ಕಟ್ಟಿದ್ದು ಯಾರು ಅಂತ ಹೇಳಲೇನ?" ಎಂದು ಕೂಗುತ್ತಿದ್ದಳು.