ಟೋಕನ್ ಬಿದ್ದ ಸದ್ದು

ಆಟದ ಹಾಲ್‌ನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವಿಡಿಯೊ ಗೇಮ್ ಯಂತ್ರಗಳು ಒಟ್ಟಿಗೆ ಅರಚುತ್ತಿದ್ದ ಆ ಗಲಾಟೆಯ ನಡುವೆ ನಿಂತು, ಮೂಲೆಯ ಕಾರಿನ ಆಟದ ಎಡ ಸ್ಪೀಕರ್ ಹರಿದಿದೆ ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ದೋಷ ಪತ್ತೆ ಮಾಡುವ ಮೀಟರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದದ್ದೇ ಅಪರೂಪ. ಜಂಬ ಸ್ವಲ್ಪ ಹೆಚ್ಚೇ ಇತ್ತು. ಇರಲಿ ಬಿಡಿ, ದುಡಿದು ಸಂಪಾದಿಸಿದ ಜಂಬ.

ಹೆಂಡತಿ ಸಿಕ್ಕಿದ್ದೂ ಅಲ್ಲೇ. ಆಕೆ ಟೋಕನ್ ಕೌಂಟರಿನಲ್ಲಿ ಕೂರುತ್ತಿದ್ದಳು. ಮೇಸ್ತ್ರಿ ಯಂತ್ರದ ಬೆನ್ನು ಬಿಚ್ಚಿ ಒಳಗೆ ತಲೆ ತೂರಿಸಿದಾಗ ಮುಂದೆ ನಿಂತು ಟೋಕನ್ ಹಾಕಲು ಒಬ್ಬರು ಬೇಕಲ್ಲ, ಆಕೆಯೇ ಬರುತ್ತಿದ್ದಳು. ಯಂತ್ರ ಟೋಕನ್ ಒಪ್ಪಿಕೊಂಡರೆ 'ಬಿತ್ತು' ಎನ್ನುವುದು, ಸುಮ್ಮನಿದ್ದರೆ 'ನುಂಗ್ತು' ಎನ್ನುವುದು. ಆರು ತಿಂಗಳು ಅವರಿಬ್ಬರ ನಡುವೆ ನಡೆದದ್ದು ಈ ಎರಡೇ ಮಾತು. ಏಳನೆಯ ತಿಂಗಳು ಮೇಸ್ತ್ರಿ ಕೆಡದೇ ಇದ್ದ ಯಂತ್ರಗಳನ್ನೂ ಬಿಚ್ಚತೊಡಗಿದಾಗ ಮಾಲೀಕರಿಗೆ ವಿಷಯ ಗೊತ್ತಾಗಿ, ತಾವೇ ಮದುವೆಯ ಮಾತೆತ್ತಿದರು.

ಆ ಹಾಲ್ ಮುಚ್ಚಿ ಎಷ್ಟೋ ಕಾಲವಾಯಿತು. ಮೊನ್ನೆ ಗುಜರಿ ಅಂಗಡಿಯಲ್ಲಿ ಒಂದು ಹಳೇ ಯಂತ್ರದ ಬರೀ ಮರದ ಪೆಟ್ಟಿಗೆ ಕಂಡಿದ್ದೇ ತಡ, ಮೇಸ್ತ್ರಿ ಅದನ್ನು ಮನೆಗೆ ಸಾಗಿಸಿ ಮುಂದಿನ ಕೋಣೆಯಲ್ಲಿ ನಿಲ್ಲಿಸಿದರು. ಮಗಳು ಅದರೊಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಕೂರಿಸಿ, ಹಳೆಯ ಆಟಗಳನ್ನೆಲ್ಲ ತುಂಬಿಕೊಟ್ಟಳು. ಟೋಕನ್ ಹಾಕುವ ವ್ಯವಸ್ಥೆಯೂ ಬೇಕೇ ಬೇಕು ಎಂದು ಮೇಸ್ತ್ರಿ ಹಟ ಹಿಡಿದರು.

"ಮನೇಲಿ ಆಡೋಕೆ ಟೋಕನ್ ಯಾಕಪ್ಪಾ? ಬಟನ್ ಒತ್ತಿದ್ರೆ ಆಟ ಶುರುವಾಗುತ್ತೆ."

"ಟೋಕನ್ ಹಾಕ್ದೇ ಆಡೋದು ಒಂದು ಆಟಾನಾ? ಆ ಟಿಣ್ ಕೇಳಿಸಿದ್ಮೇಲೇ ಕಣೇ ಕೈ ಜುಮ್ ಅನ್ನೋದು."

ಟೋಕನ್ ಜಾರಿ ಬಂದು ಕಡ್ಡಿಯಂಥ ತಂತಿಯನ್ನು ತಳ್ಳಬೇಕು, ತಂತಿ ಪುಟ್ಟ ಸ್ವಿಚ್ಚನ್ನು ಒತ್ತಬೇಕು, ಆಗ ಸ್ಪೀಕರಿನಲ್ಲಿ ಟಿಣ್ ಎನ್ನಬೇಕು. ಮೇಸ್ತ್ರಿ ಆ ಸ್ವಿಚ್ಚಿನ ಎರಡು ವೈರುಗಳನ್ನು ಬೋರ್ಡಿಗೆ ಬೆಸುಗೆ ಹಾಕಿದರು. ಸ್ಪೀಕರ್‌ಗಳಿಗೆ ಒಂದು ಬ್ಯಾಟರಿ ತಾಗಿಸಿ ನೋಡಿದರು. ಕರ್ ಎಂದವು. ಮೇಲಿನ ಜಾಲರಿಯ ಹಿಂದೆ ಕೂರಿಸಿ ಪೆಟ್ಟಿಗೆಯ ಬೆನ್ನಿಗೆ ಬಂದು ಕೂತರು. ಹೆಂಡತಿ ಹಿಂದಿನ ಹಾಗೇ ಟೋಕನ್ ಹಿಡಿದು ಮುಂದೆ ನಿಂತಳು.

"ಹಾಕೇ."

"ಬಿತ್ತು ರೀ."

"ಟಿಣ್ ಬರ್ಲಿಲ್ವಲ್ಲೇ?"

ಬಂದಿತ್ತು, ಸ್ಪಷ್ಟವಾಗಿಯೇ ಬಂದಿತ್ತು. ಪಕ್ಕದಲ್ಲೇ ಫೋನ್ ಹೊಡೆದುಕೊಂಡರೂ ಗಂಡ ತಿರುಗಿ ನೋಡದ್ದನ್ನು ಆಕೆ ಒಂದು ವರ್ಷದಿಂದ ನೋಡುತ್ತಿದ್ದಳು, ಬಾಯಿ ಬಿಟ್ಟಿರಲಿಲ್ಲ. ಆ ಕಿವಿ ಹೋಯಿತೆಂದರೆ ಈ ಮನುಷ್ಯನಿಗೆ ಉಳಿಯುವುದೇನು?

"ಇಲ್ಲ ರೀ, ನಂಗೂ ಕೇಳಿಸ್ಲಿಲ್ಲ," ಎಂದುಬಿಟ್ಟಳು.

ಅದೇ ಎಡವಟ್ಟಾಯಿತು. ಇಲ್ಲದ ದೋಷವನ್ನು ಹುಡುಕಲು ಹೊರಟ ಮೇಸ್ತ್ರಿಯನ್ನು ತಡೆಯುವವರು ಯಾರು? ಎರಡು ದಿನ ಬೆಸುಗೆ ಬಿಚ್ಚಿದರು, ವೈರು ಬದಲಿಸಿದರು, ಎಡ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರು. ಆಟದ ಧಡಧಡ ಚೆನ್ನಾಗಿಯೇ ಕೇಳಿಸುತ್ತಿತ್ತು, ಆ ಟಿಣ್ ಮಾತ್ರ ಜಪ್ಪಯ್ಯ ಅಂದರೂ ಕೇಳಿಸಲಿಲ್ಲ. ಬೆರಳು ಸುಟ್ಟುಕೊಂಡರು. "ನನ್ ಕೈಗೇ ಏನೋ ಆಗಿದೆ," ಎಂದು ಗೊಣಗಿದರು. ಹೆಂಡತಿ ಸುಟ್ಟ ಬೆರಳಿಗೆ ಮುಲಾಮು ಹಚ್ಚಿದಳು.

ಮೂರನೆಯ ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಟವಳು ಹಾಗೇ ಒಂದು ಟೋಕನ್ ಹಾಕಿದಳು. "ಆಹಾ, ಎಷ್ಟು ಚೆನ್ನಾಗಿ ಟಿಣ್ ಅಂತು ನೋಡಪ್ಪಾ!"

ಅಮ್ಮ ಕಣ್ಸನ್ನೆ ಮಾಡುವಷ್ಟರಲ್ಲಿ ಹೊತ್ತು ಮೀರಿತ್ತು. ಮೇಸ್ತ್ರಿ ಪೆಟ್ಟಿಗೆಯ ಹಿಂದಿನಿಂದ ನಿಧಾನವಾಗಿ ಎದ್ದು ಬಂದು ಹೆಂಡತಿಯ ಎದುರು ನಿಂತರು.

"ನಿಂಗೂ ಕೇಳಿಸ್ತಿತ್ತಾ?"

"ಹೂಂ."

"ಮೊದಲ್ನೇ ಸಲಾನೂ?"

ಆಕೆ ತಲೆಯಾಡಿಸಿದಳು. ಕಣ್ಣು ತುಂಬಿತ್ತು. ರೇಗುತ್ತಾರೆ ಎಂದುಕೊಂಡಿದ್ದಳು. ಮೇಸ್ತ್ರಿ ಬಟ್ಟೆಯ ಚೂರಿಗೆ ಕೈ ಒರೆಸುತ್ತಲೇ ನಿಂತರು. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ.

"ಹಾಲ್‌ನಲ್ಲಿದ್ದ ಹಾಗೇ ಇದೆಯಾ? ಇನ್ನೊಂದು ಸುಳ್ಳು ಹೇಳ್ಬೇಡ."

ಆಕೆ ಟೋಕನ್ ಹಾಕಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ಇಲ್ಲ ರೀ. ಟಿಣ್ ಆದ್ಮೇಲೆ ಸಣ್ಣಗೆ ಝಿರ್ ಅನ್ನುತ್ತೆ. ಬಲಗಡೆ."

"ಮೇಲಾ, ಕೆಳಗಾ?"

"ಮೇಲೆ."

"ಜಾಲರಿ ಸಡಿಲ," ಎಂದ ಮೇಸ್ತ್ರಿಯ ಮುಖಕ್ಕೆ ಕಳೆ ಬಂತು. ಸ್ಕ್ರೂ ತಿರುಗಿಸಿದರು. "ಈಗ?"

"ಇನ್ನೂ ಇದೆ."

ಇನ್ನು ಕಾಲು ಸುತ್ತು. "ಈಗ?"

"ಹೋಯ್ತು."

ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟರು. ಹೆಂಡತಿಯ ಮುಖ ನೋಡದೆ ಹೇಳಿದರು: "ಸೋಮವಾರ ಕಿವಿ ಡಾಕ್ಟರ ಹತ್ರ ಹೋಗೋಣ. ಈ ಟಿಣ್ ಹಾಳಾಗ್ಲಿ. ಅಷ್ಟು ಯಂತ್ರ ಕಿರುಚ್ತಿದ್ರೂ ನಿನ್ನ ಒಂದೊಂದು ಮಾತೂ ಕೇಳಿಸ್ತಿತ್ತು. ಈಗ ಎದುರಿಗೆ ಕೂತು ಮಾತಾಡಿದ್ರೂ ಅರ್ಧಾನೇ. ಮಿಕ್ಕಿದ್ದನ್ನ ಊಹೆ ಮಾಡ್ಕೊಂಡು ಹೂಂ ಅಂತಿದ್ದೆ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಏನೋ ಹೊಳೆದು ಕೈ ನಿಂತಿತು.

"ಹಾಗಾದ್ರೆ ನಮ್ಮಣ್ಣ ಮುಂದಿನ ತಿಂಗಳು ಪೂರ್ತಿ ಇಲ್ಲೇ ಬಂದಿರ್ತಾನೆ ಅಂದಾಗ ಹೂಂ ಅಂದ್ರಲ್ಲ?"

"ಯಾರು ಬಂದಿರ್ತಾರೆ?" ಎಂದರು ಮೇಸ್ತ್ರಿ.